ಕಂಬಳಿಹುಳುವಿಗೆ ಯಾವ ಲಿಂಗ?

(ಬಿ.ಎ. ಅಂತಿಮ ವರ್ಷ)

ವ್ಯಾಕರಣವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡತಕ್ಕ ಒಣ ವಿಷಯವೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಬೀದರ ಜಿಲ್ಲೆಯವರಾದ ನಮಗೆ ಅದು ಸಂತೆಯಲ್ಲಿಯೂ ಹೊಲದ ಬದುವಿನಲ್ಲಿಯೂ ದೊರೆಯುವ ವಸ್ತು. ಕನ್ನಡ, ಮರಾಠಿ, ಉರ್ದು, ತೆಲುಗು ಈ ನಾಲ್ಕೂ ಮಾತುಗಳು ನಮ್ಮ ಕಿವಿಗೆ ಬೀಳುತ್ತವೆ. ಒಂದು ಅಲ್ಪ ಜೀವಿಯ ಹೆಸರನ್ನು ಹಿಡಿದು ಇವು ನಾಮಪದಗಳನ್ನು ಹೇಗೆ ವಿಂಗಡಿಸುತ್ತವೆಂಬುದನ್ನು ನೋಡೋಣ.

ತೊಗರಿ ಕಾಯಿ ಕಟ್ಟುವ ಕಾಲಕ್ಕೆ ಬೀಳುವ ಕಾಯಿಕೊರಕ ಹುಳುವನ್ನು ಭಾಲ್ಕಿ, ಔರಾದ ಕಡೆಯ ರೈತರೆಲ್ಲರೂ ಬಲ್ಲರು. ಅದರ ಬಂಧುವೇ ಮೈತುಂಬ ಕೂದಲುಳ್ಳ ಕಂಬಳಿಹುಳು. ಕಂಬಳಿ ಹೊದ್ದಂತೆ ಕಾಣುವುದರಿಂದ ಆ ಹೆಸರು. ತೆಲುಗರೂ ಇದನ್ನು 'ಗೊಂಗಳಿ ಪುರುಗು' ಎನ್ನುತ್ತಾರೆ. ಗೊಂಗಳಿ ಎಂದರೂ ಕಂಬಳಿಯೇ.

ಲಿಂಗವನ್ನು ತಿಳಿಯಲು ನಾಮಪದವನ್ನಷ್ಟೇ ನೋಡಿದರೆ ಸಾಲದು. ಅದರ ಮುಂದೆ ಬರುವ ಕ್ರಿಯಾಪದವನ್ನು ನೋಡಬೇಕು. ಅಣ್ಣ ಬಂದನು, ಅಕ್ಕ ಬಂದಳು, ಹುಳು ಬಂದಿತು. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕಲಿಂಗವೆಂಬ ನಿಯಮವನ್ನು 13ನೆಯ ಶತಮಾನದಲ್ಲಿಯೇ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಹೇಳಿದ್ದಾನೆ. ಎತ್ತು ಗಂಡಾದರೂ 'ಬಂದಿತು', ಆಕಳು ಹೆಣ್ಣಾದರೂ 'ಬಂದಿತು'. ಕೂಸು ಮನುಷ್ಯನದಾದರೂ 'ಅಳುತ್ತದೆ' ಎನ್ನುವುದು ಮಾತ್ರ ಇದಕ್ಕೆ ಹೊರತಾದ ರೂಢಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ತಾಯಿ ಅಕ್ಷರ ಕಲಿತವಳಲ್ಲ. ಕೇಶಿರಾಜನ ಹೆಸರನ್ನೂ ಕೇಳಿದವಳಲ್ಲ. ಆದರೂ ಈ ನಿಯಮದಲ್ಲಿ ಆಕೆ ಒಮ್ಮೆಯೂ ತಪ್ಪಿದ್ದಿಲ್ಲ.

ಇನ್ನು ಮರಾಠಿಯನ್ನು ನೋಡೋಣ. ಅಲ್ಲಿ ಕಂಬಳಿಹುಳು 'ಸುರವಂಟ'. ಅದು ಪುಲ್ಲಿಂಗ, 'ಆಲಾ' ಎನ್ನಬೇಕು. ಬೆಳೆ ತಿನ್ನುವ ಹುಳು 'ಅಳೀ'. ಅದು ಸ್ತ್ರೀಲಿಂಗ, 'ಆಲೀ'. ಅದೇ ಹುಳು ರೆಕ್ಕೆ ಪಡೆದು ಹಾರಿದರೆ 'ಫುಲಪಾಖರೂ', ಅದು ನಪುಂಸಕಲಿಂಗ! ಉರ್ದುವಿನಲ್ಲಿ 'ಕೀಡಾ' ಗಂಡು, 'ತಿತ್ಲೀ' ಹೆಣ್ಣು. ಮೂರನೆಯ ಲಿಂಗವೇ ಇಲ್ಲ. ತೆಲುಗಿನಲ್ಲಿ 'ಅನ್ನ ವಚ್ಚಾಡು', ಆದರೆ 'ಅಕ್ಕ ವಚ್ಚಿಂದಿ', 'ಪುರುಗು ವಚ್ಚಿಂದಿ'. ಏಕವಚನದಲ್ಲಿ ಅಕ್ಕನಿಗೂ ಹುಳುವಿಗೂ ಒಂದೇ ಕ್ರಿಯಾಪದ! ಬಹುವಚನದಲ್ಲಿ ಮಾತ್ರ ಅಕ್ಕಂದಿರು ಅಣ್ಣಂದಿರ ಸಾಲಿಗೆ ಸೇರುತ್ತಾರೆ.

ಹಾಗಾದರೆ ಲಿಂಗವಿರುವುದು ಹುಳುವಿನಲ್ಲಿಯೋ, ಮಾತಿನಲ್ಲಿಯೋ? ಕನ್ನಡದ 'ಪಾತರಗಿತ್ತಿ' ಎಂಬ ಪದವು ಇದಕ್ಕೆ ಉತ್ತಮ ನಿದರ್ಶನ. 'ಹೂವಾಡಗಿತ್ತಿ' ಎಂಬಂತೆ ಇದರ ಕೊನೆಯಲ್ಲಿಯೂ ಹೆಣ್ಣನ್ನು ಸೂಚಿಸುವ ರೂಪವಿದೆ. ಆದರೂ ಹೂವಾಡಗಿತ್ತಿ ಬಂದಳು, ಪಾತರಗಿತ್ತಿ ಬಂದಿತು. ಕನ್ನಡವು ಪದದ ಉಡುಗೆಗೆ ಮರುಳಾಗದೆ ಅರ್ಥವನ್ನು ನೋಡುತ್ತದೆ.

ದೂರದ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿಯೂ ಇಂಥದೇ ವಿಚಾರವುಂಟು. ಅಲ್ಲಿ ಗಂಡು ಹೆಣ್ಣೆಂಬ ಲಿಂಗಗಳಿಲ್ಲ. ಪದದ ಮೊದಲಿನ ಅಕ್ಷರದಿಂದ ವರ್ಗ ತಿಳಿಯುತ್ತದೆ. ಅರಬ್ಬಿಯಿಂದ ಹೋದ, ನಮಗೂ ಪರಿಚಿತವಾದ 'ಕಿತಾಬು' ಅಲ್ಲಿ ಬಹುವಚನದಲ್ಲಿ 'ವಿತಾಬು' ಆಗಿದೆ! ಕಂಬಳಿಹುಳು 'ಕಿವಾವಿ', ಬಹುವಚನದಲ್ಲಿ 'ವಿವಾವಿ'. ರೂಪದಲ್ಲಿ ಪುಸ್ತಕವೂ ಹುಳುವೂ ಒಂದೇ ವರ್ಗ. ಆದರೆ ಹುಳುವಿಗೆ ಜೀವವಿರುವುದರಿಂದ ಅದಕ್ಕೆ ಮನುಷ್ಯರ ಕ್ರಿಯಾಪದವೇ ಸಲ್ಲುತ್ತದೆ. ಕನ್ನಡ ಗೆರೆ ಎಳೆಯುವುದು ಮನುಷ್ಯನಿಗೂ ಉಳಿದುದಕ್ಕೂ ನಡುವೆ. ಸ್ವಾಹಿಲಿ ಎಳೆಯುವುದು ಜೀವವುಳ್ಳದ್ದಕ್ಕೂ ಇಲ್ಲದ್ದಕ್ಕೂ ನಡುವೆ.

ಇದನ್ನು ಇಷ್ಟಾಗಿ ಹೇಳಲು ಕಾರಣವುಂಟು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಗಡಿನಾಡಿನಲ್ಲಿ ಮರಾಠಿ ಮನೆಮಾತಿನವರು ಬಹಳ ಮಂದಿ. ಅಂಥ ಮನೆಯ ಹುಡುಗನು ತರಗತಿಯಲ್ಲಿ 'ಹುಳು ಬಂದನು' ಎಂದರೆ ನಾವು ಗೊಳ್ಳೆಂದು ನಗುತ್ತೇವೆ. ಅವನು ಅಜ್ಞಾನದಿಂದ ಹಾಗೆ ಹೇಳಿದವನಲ್ಲ. ತನ್ನ ಮನೆಯ ನಿಯಮವನ್ನು ನಮ್ಮ ಪದಕ್ಕೆ ಹಚ್ಚಿದವನು. ಕನ್ನಡ ಮನೆಯವರು ಉರ್ದು ಆಡುವಾಗ 'ರೋಟಿ ಆಯಾ' ಎನ್ನುವುದೂ ಇದೇ ತೆರನಾದದ್ದು. ನಗೆಯಿಂದ ಮುಚ್ಚಿದ ಬಾಯಿ ಮತ್ತೆ ಬೇಗ ತೆರೆಯುವುದಿಲ್ಲ; ಬಾಯಿ ತೆರೆಯದವನು ಮಾತು ಕಲಿಯುವುದಿಲ್ಲ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಹುಳು ಬಂದಿತು, ಸುರವಂಟ ಆಲಾ, ಕೀಡಾ ಆಯಾ, ಪುರುಗು ವಚ್ಚಿಂದಿ: ಈ ನಾಲ್ಕು ವಾಕ್ಯಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ನೋಡಿರಿ. ನಾಲ್ಕೂ ಸರಿಯಾದ ವಾಕ್ಯಗಳೇ. ಅವುಗಳ ಅಂತರವನ್ನು ತಿಳಿದವನಿಗೆ ಕನ್ನಡದ ನಿಯಮವೂ ಚೆನ್ನಾಗಿ ತಿಳಿಯುತ್ತದೆ, ನೆರೆಯವನ ತಪ್ಪಿನ ಮೂಲವೂ ತಿಳಿಯುತ್ತದೆ.