‘ಹತ್ತಿರ’ ಎಂದರೆ ಎಷ್ಟು? ಚಿಕ್ಕ ಮಕ್ಕಳಿಗೆ ಗಣಿತದ ಮಸುಕು ಪರಿಕಲ್ಪನೆಗಳ ಪರಿಚಯ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ಗ್ರಾಮ ಪಂಚಾಯತಿ ಸದಸ್ಯರು ಅಂಗನವಾಡಿ ಮತ್ತು ಶಾಲೆಗಳಿಗೆ ಭೇಟಿ ನೀಡುವಾಗ ಹಾಗೂ ಮಕ್ಕಳ ಗ್ರಾಮಸಭೆ ನಡೆಸುವಾಗ ಈ ಪಾಠವು ಉಪಯುಕ್ತವಾಗಲಿದೆ.

1. ವಿಷಯ ವಿವರಣೆ

ಮಗು ಅಂಕಿಗಳನ್ನು ಕಲಿಯುವ ಮೊದಲೇ ಹೆಚ್ಚು, ಕಡಿಮೆ, ದೂರ, ಹತ್ತಿರ, ರಾಶಿ ಎಂಬ ಮಾತುಗಳನ್ನು ಕಲಿಯುತ್ತದೆ. ‘ಐದು’ ಎಂಬುದಕ್ಕೆ ಖಚಿತವಾದ ಗಡಿಯಿದೆ, ‘ರಾಶಿ’ಗೆ ಇಲ್ಲ. ಕಣದಲ್ಲಿರುವ ತೊಗರಿಯ ರಾಶಿಯಿಂದ ಒಂದು ಕಾಳು ತೆಗೆದರೂ ಅದು ರಾಶಿಯೇ. ಹೀಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಯಾವ ಕಾಳಿಗೆ ರಾಶಿ ಇಲ್ಲವಾಯಿತೆಂದು ಯಾರೂ ಹೇಳಲಾರರು. ಆದುದರಿಂದ ಇಂತಹ ಪ್ರಶ್ನೆಗೆ ಮಗು ತಡವರಿಸಿದರೆ ಅದು ದಡ್ಡತನವಲ್ಲ. ಆ ಪದದ ಸ್ವಭಾವವೇ ಅಂತಹುದು.

2. ಶಾಸ್ತ್ರದ ಹಿನ್ನೆಲೆ

ಅಮೆರಿಕದ ಪ್ರಾಧ್ಯಾಪಕ ಲೋಟ್ಫಿ ಝಾದೆ ಅವರು 1965ರಲ್ಲಿ ‘ಫಜಿ ಗಣ’ದ ಸಿದ್ಧಾಂತವನ್ನು ಮಂಡಿಸಿದರು. ಅದರಂತೆ ಒಂದು ವಸ್ತು ಗುಂಪಿಗೆ ಪೂರ್ಣವಾಗಿ ಸೇರಿದರೆ 1, ಸೇರದಿದ್ದರೆ 0, ಭಾಗಶಃ ಸೇರಿದರೆ ಇವೆರಡರ ನಡುವಿನ ಒಂದು ಬೆಲೆ.

ಗಣಿತದ ಕಠಿಣ ಪರಿಕಲ್ಪನೆಗಳು ಪಂಡಿತರನ್ನೂ ಕಾಡಿವೆ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಭಾವಿಸಿದ್ದನು. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ.

3. ಚಟುವಟಿಕೆ

ಮಗುವಿಗೆ 10 ಹುಣಸೆ ಬೀಜ ಕೊಡಿರಿ. ವಾಡಿಯ ಮಗುವಾದರೆ, “ಶಹಾಬಾದ ಎಷ್ಟು ಹತ್ತಿರ? ಚಿಂಚೋಳಿ ಎಷ್ಟು ಹತ್ತಿರ?” ಎಂದು ಕೇಳಿರಿ. ಬಹಳ ಹತ್ತಿರವಾದರೆ ಹತ್ತೂ ಬೀಜ, ಹತ್ತಿರವೇ ಅಲ್ಲವೆಂದರೆ ಒಂದೂ ಬೇಡ. ಶಹಾಬಾದಕ್ಕೆ ಒಂದು ಮಗು 7, ಇನ್ನೊಂದು 4 ಬೀಜ ಇಡಬಹುದು. ರೈಲಿನಲ್ಲಿ ಹೋಗುವವರಿಗೆ ಹತ್ತಿರ, ನಡೆಯುವವರಿಗೆ ದೂರ, ಎರಡೂ ಸರಿ. ಕಾರಣವನ್ನು ಮಾತ್ರ ಕೇಳಿರಿ.

ಆದರೆ ಮಸುಕು ಎಂದರೆ ಮನಬಂದಂತೆ ಎಂದಲ್ಲ. ಚಿಂಚೋಳಿಗೆ ಶಹಾಬಾದಕ್ಕಿಂತ ಹೆಚ್ಚು ಬೀಜ ಇಟ್ಟರೆ ಮತ್ತೊಮ್ಮೆ ಯೋಚಿಸಲು ಹೇಳಬೇಕು. ಹಾಗೆಯೇ 7ಕ್ಕೆ 5 ಕೂಡಿದರೆ 12 ಎಂಬಲ್ಲಿ ಯಾವ ಸಡಿಲಿಕೆಯೂ ಇಲ್ಲ. ಎಲ್ಲಿ ಒಂದೇ ಉತ್ತರ, ಎಲ್ಲಿ ಹಲವು ಎಂಬುದನ್ನು ತಿಳಿಯುವುದೇ ಈ ಪಾಠದ ಫಲ.

4. ಸದಸ್ಯರ ಪಾತ್ರ

ಆಡಳಿತಕ್ಕೆ ಗಡಿ ಅನಿವಾರ್ಯ. ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳಲ್ಲಿ 1ರಿಂದ 5ನೆಯ ತರಗತಿಗೆ 1 ಕಿ.ಮೀ., 6ರಿಂದ 8ನೆಯ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆಂದಿದೆ. ಆದರೆ 1 ಕಿ.ಮೀ. ಮೇಲೆ ಹತ್ತು ಹೆಜ್ಜೆಯಾದ ಮಾತ್ರಕ್ಕೆ ದಾರಿ ಒಮ್ಮೆಲೇ ದೂರವಾಗದು. ನಡುವೆ ತುಂಬಿದ ಹಳ್ಳ ಅಥವಾ ಲಾರಿಗಳ ರಸ್ತೆ ಇದ್ದರೆ ಅರ್ಧ ಕಿ.ಮೀ. ಕೂಡ ಆರು ವರ್ಷದ ಮಗುವಿಗೆ ದೂರವೇ. ಮಕ್ಕಳ ಗ್ರಾಮಸಭೆಯಲ್ಲಿ ಮಗುವೊಂದು “ಶಾಲೆ ದೂರ” ಎಂದರೆ ನಿಯಮದ ಅಂಕಿ ತೋರಿಸಿ ಕೂರಿಸಬಾರದು. ಎಷ್ಟು ಹೊತ್ತಿನ ನಡಿಗೆ, ದಾರಿಯಲ್ಲಿ ಏನಿದೆ ಎಂದು ಕೇಳಿ ನಡಾವಳಿಯಲ್ಲಿ ದಾಖಲಿಸಬೇಕು.

5. ಚರ್ಚೆಗೆ ಪ್ರಶ್ನೆಗಳು

ಅ) ಜಲಜೀವನ ಮಿಷನ್‌ನಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ನಿಗದಿಯಾಗಿದೆ. 54 ಲೀಟರ್ ಪಡೆಯುವ ಮನೆಗೂ 20 ಲೀಟರ್ ಪಡೆಯುವ ಮನೆಗೂ ‘ಸಾಲದು’ ಎಂಬ ಒಂದೇ ಮಾತು ಸಾಕೇ?
ಆ) ನಿಮ್ಮ ಗ್ರಾಮದ ಅಂಗನವಾಡಿ ‘ಹತ್ತಿರ’ವೇ? ಹತ್ತರಲ್ಲಿ ಎಷ್ಟು ಬೀಜ ಇಡುವಿರಿ? ಅದೇ ಪ್ರಶ್ನೆಯನ್ನು ಅಲ್ಲಿಗೆ ನಡೆದು ಹೋಗುವ ಮಗುವಿಗೂ ಕೇಳಿ ಹೋಲಿಸಿರಿ.