ತೆಪ್ಪದ ಹೊದಿಕೆಗೆ ಬೂಷ್ಟು ಬಂದಿದ್ದರೆ

ಹರಿಹರದ ಓದುಗರೇ, ನಿಮ್ಮ ತೆಪ್ಪದ ಕ್ಯಾನ್ವಾಸ್ ತಾಡಪತ್ರಿಯ ಮೇಲಿರುವ ಕಪ್ಪು ಚುಕ್ಕೆ ಬರೀ ಕೊಳೆಯಲ್ಲ, ಬೂಷ್ಟು. ಒದ್ದೆಯಲ್ಲೇ ಮಡಚಿಟ್ಟರೆ ಅದು ಹತ್ತಿಯ ನಾರನ್ನೇ ತಿನ್ನುತ್ತದೆ. ಮೆಕ್ಕೆಜೋಳಕ್ಕೆ ಹೊದಿಸುವ ಪ್ಲಾಸ್ಟಿಕ್ ತಾಡಪತ್ರಿಗೆ ಈ ಕಾಟವಿಲ್ಲ. ಅದನ್ನು ಹಾಳು ಮಾಡುವುದು ಬಿಸಿಲು.

ಮೊದಲು ಚೆನ್ನಾಗಿ ಒಣಗಿಸಿ, ಒಣ ಬ್ರಷ್‌ನಿಂದ ಉಜ್ಜಿ ಕೊಡವಿ. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಚುಕ್ಕೆಗಳಿಗೆ ಸವರಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಪೌಡರ್ ಖಂಡಿತ ಬೇಡ, ದಾರ ಬಲ ಕಳೆದುಕೊಳ್ಳುತ್ತದೆ. ತೀಕ್ಷ್ಣವಾದ ವಾಷಿಂಗ್ ಪೌಡರ್ ಮೇಣದ ಲೇಪವನ್ನೇ ಕೀಳುತ್ತದೆ. ಒಣಗಿದ ಮೇಲೆ ಹೊಲಿಗೆಗಳಿಗೆ ಮೇಣ ಉಜ್ಜಿ.

ಒಂದು ಕೋರಿಕೆ: ಇದನ್ನು ಹೊಳೆಯಲ್ಲಿ ತೊಳೆಯಬೇಡಿ. ಹರಿಹರ, ದಾವಣಗೆರೆ ಎರಡೂ ಊರಿಗೆ ಕುಡಿಯಲು ತುಂಗಭದ್ರೆಯ ನೀರು ಬರುತ್ತದೆ.