ಅಜ್ಜಿಯ ಬೆಕ್ಕಿಗೆ ಮನೆ ಹುಡುಕಿದ್ದು

ನಮ್ಮ ಕಲಿಕಾ ಕೇಂದ್ರ ನಡೆಯುತ್ತಿದ್ದುದು ಒಬ್ಬ ಅಜ್ಜಿಯ ಮನೆ ಜಗುಲಿಯಲ್ಲಿ. ಅಜ್ಜಿ ಒಂದು ಬೆಕ್ಕು ಸಾಕಿದ್ದರು. ಹೆಣ್ಣು ಬೆಕ್ಕು. ವಯಸ್ಸು ಆರು. ಯಾವಾಗಲೂ ಒಲೆ ಪಕ್ಕ ಮಲಗುತ್ತಿತ್ತು. ಅದಕ್ಕೇ ಬೂದಿ ಎಂದು ಹೆಸರು. ನಾವು ಸ್ಲೇಟು ಹಿಡಿದು ಕೂತರೆ ಅದೂ ಬಂದು ಕೂರುತ್ತಿತ್ತು.

ಅಜ್ಜಿಗೆ ಮೊಣಕಾಲು ನೋವು ಹೆಚ್ಚಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋಗಲು ಮಗ ಬಂದ. ಅಲ್ಲಿ ಅವನದು ಬಾಡಿಗೆ ಮನೆ. ಮಾಲೀಕರು ಬೆಕ್ಕು ಬೇಡ ಅಂದಿದ್ದರು.

"ಬೂದಿಗೆ ಒಂದು ದಾರಿ ಆಗೋವರೆಗೂ ನಾನು ಬರಲ್ಲಪ್ಪ" ಎಂದು ಅಜ್ಜಿ ಕೂತುಬಿಟ್ಟರು.

"ಗೋಣಿಚೀಲಕ್ಕೆ ಹಾಕಿ ಸಂತೆ ಹತ್ರ ಬಿಟ್ಟು ಬಂದ್ರೆ ಆಯ್ತು. ಇಲಿ ಹಿಡ್ಕೊಂಡು ಬದುಕುತ್ತೆ" ಎಂದ ಮಗ.

ಬದುಕುತ್ತಾ? ಕೇಂದ್ರದಲ್ಲಿ ನಾವು ಇದನ್ನೇ ಮಾತಾಡಿದೆವು. ಗೊತ್ತಿಲ್ಲದ ಜಾಗದಲ್ಲಿ ನೀರು ಎಲ್ಲಿದೆ, ನಾಯಿ ಎಲ್ಲಿದೆ, ಅಡಗುವ ಮೂಲೆ ಎಲ್ಲಿದೆ ಎಂದು ಬೆಕ್ಕಿಗೆ ತಿಳಿಯದು. ಅಲ್ಲಿನ ಬೆಕ್ಕುಗಳು ಅದನ್ನು ಸೇರಿಸುವುದಿಲ್ಲ. ಕಾನೂನೂ ಇದೆ. ಸಾಕಿದ ಪ್ರಾಣಿಯನ್ನು ಸರಿಯಾದ ಕಾರಣವಿಲ್ಲದೆ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬಿಡುವುದು ಅಪರಾಧ. ಈ ಕಾಯ್ದೆ 1960ರಲ್ಲೇ ಬಂದಿದೆ.

ದೊಡ್ಡ ಊರುಗಳಲ್ಲಿ ಪ್ರಾಣಿಗಳಿಗೆ ಆಶ್ರಯ ಕೇಂದ್ರಗಳಿವೆ. ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಎಂಬ ಸಂಸ್ಥೆ ಶುರುವಾಯಿತು. ನಮ್ಮೂರಲ್ಲಿ ಅಂಥದ್ದು ಇಲ್ಲ. ನಾವೇ ಮನೆ ನೋಡಬೇಕಾಯಿತು. ಮರಿಯಾದರೆ ಯಾರಾದರೂ ಕೇಳುತ್ತಾರೆ. ಆರು ವರ್ಷದ ಬೆಕ್ಕನ್ನು ಯಾರು ಕೇಳುತ್ತಾರೆ?

ಹಿಟ್ಟಿನ ಗಿರಣಿಯವರು ಕೇಳಿದರು. "ನಮಗೆ ಕೊಡಿ. ಇಲಿ ಕಾಟ ತಡೆಯಕ್ಕಾಗ್ತಿಲ್ಲ" ಅಂದರು. ನಮಗೆ ಖುಷಿಯೋ ಖುಷಿ. ಅವತ್ತೇ ಕೊಟ್ಟುಬಿಟ್ಟೆವು.

ಅಲ್ಲಿ ದಿನವಿಡೀ ಗಿರಣಿ ಸದ್ದು. ಎರಡು ನಾಯಿ, ಮೂರು ಮಕ್ಕಳು. ಬೂದಿ ಅಟ್ಟ ಹತ್ತಿತು. ಎರಡು ದಿನ ಇಳಿಯಲಿಲ್ಲ, ಒಂದು ತುತ್ತೂ ತಿನ್ನಲಿಲ್ಲ. ಸಾಲದ್ದಕ್ಕೆ ಗಿರಣಿಯಲ್ಲಿ ಇಲಿ ಪಾಷಾಣ ಇಟ್ಟಿದ್ದರು. ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು. ಕೊಡುವ ಮೊದಲು ನಾವು ಇದ್ಯಾವುದನ್ನೂ ಕೇಳಿರಲಿಲ್ಲ. ಅವರ ಮೇಲೆ ತಪ್ಪು ಹೊರಿಸುವುದು ಹೇಗೆ? ಬೂದಿಯನ್ನು ವಾಪಸು ತಂದೆವು. ಮಗ ಒಬ್ಬನೇ ಬೆಂಗಳೂರಿಗೆ ಹೋದ.

"ಹೆಣ್ಣು ಕೊಡೋವಾಗ ಮನೆ ನೋಡ್ತೀವಿ. ಬೆಕ್ಕು ಕೊಡೋವಾಗ ನೋಡಬಾರ್ದಾ?" ಎಂದು ನಮ್ಮಲ್ಲೊಬ್ಬರು ನಕ್ಕರು. ನಗೆಮಾತೇನೋ ಹೌದು. ಆದರೆ ಮೊದಲು ನೋಡಬೇಕಾದ್ದು ಬೆಕ್ಕನ್ನು. ಮರಿ ಮುಂದೆ ಏನಾಗುತ್ತದೋ ಗೊತ್ತಿರುವುದಿಲ್ಲ. ದೊಡ್ಡ ಬೆಕ್ಕಿನ ಗುಣ ಆಗಲೇ ಗೊತ್ತಿರುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಕೇಳಿದ್ದೀರಲ್ಲ? ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಡುತ್ತಿತ್ತಂತೆ!

ಅಜ್ಜಿ ಹೇಳುತ್ತಾ ಹೋದರು. ಒಬ್ಬೊಬ್ಬರು ಒಂದೊಂದು ಸಾಲು ಬರೆದರು.

"ನಾಯಿ ಕಂಡರೆ ಹೆದರುತ್ತೆ. ಕೋಳಿಮರಿ ಮುಟ್ಟಲ್ಲ. ಮೀನು ಅಂದ್ರೆ ಪ್ರಾಣ. ರಾತ್ರಿ ಒಳಗೇ ಮಲಗುತ್ತೆ. ಮಕ್ಕಳು ಎತ್ತಿಕೊಂಡರೆ ಪರಚುತ್ತೆ."

ಕೊನೆಯ ಸಾಲು ಬೇಡ ಎಂದು ಅಜ್ಜಿಯ ಹಟ. "ಅದನ್ನ ಬರೆದ್ರೆ ಯಾರೂ ತಗೊಳ್ಳಲ್ಲ ಕಣ್ರಮ್ಮ." ನಾವು ಬಿಡಲಿಲ್ಲ. ಮುಚ್ಚಿಟ್ಟು ಕೊಟ್ಟರೆ ಮತ್ತೆ ಗಿರಣಿ ಕಥೆಯೇ.

ಈ ಸಲ ಎರಡು ಮನೆಯವರು ಬಂದರು. ಒಂದು ಮನೆಯಲ್ಲಿ ಮಾಂಸ, ಮೀನು ಇಲ್ಲ. "ಹಾಲು ಅನ್ನ ಬೇಕಾದಷ್ಟು ಹಾಕ್ತೀವಿ" ಅಂದರು. ಒಳ್ಳೆಯ ಜನ. ಆದರೆ ಎಷ್ಟೋ ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಮಾಂಸ, ಮೀನಿನಲ್ಲಿ ಟಾರಿನ್ ಎಂಬ ಸತ್ವ ಇದೆ. ಬೆಕ್ಕಿಗೆ ಅದು ಬೇಕೇ ಬೇಕು. ಸಿಗದಿದ್ದರೆ ಕಣ್ಣು ಹೋಗಬಹುದು, ಹೃದಯ ಸೊರಗಬಹುದು. ಹಾಲು ಅನ್ನದಲ್ಲಿ ಅದು ಸಾಲದು. ಹೀಗೆಂದು ಹೇಳಿದಾಗ ಅವರಿಗೆ ಸ್ವಲ್ಪ ಬೇಜಾರಾಯಿತು. ನಮಗೂ ಆಯಿತು.

ಇನ್ನೊಬ್ಬರು ಬಟ್ಟೆ ಹೊಲಿಯುವ ಅಕ್ಕ. ನಮ್ಮ ಕೇಂದ್ರದವರೇ. ಒಂಟಿ ಜೀವ. "ಮರಿಯಾದ್ರೆ ಸರಿ. ಇಷ್ಟು ದೊಡ್ಡದು ನನ್ನನ್ನ ಒಪ್ಪುತ್ತಾ?" ಎಂದು ಅನುಮಾನ ಪಟ್ಟರು. ಚೀಟಿ ಕೈಗೆ ಕೊಟ್ಟೆವು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಪ-ರ-ಚು-ತ್ತೆ." ಓದಿ ನಕ್ಕುಬಿಟ್ಟರು. "ನಮ್ಮನೇಲಿ ಎತ್ತೋ ಮಕ್ಕಳೇ ಇಲ್ವಲ್ಲ!"

ಮೊದಲು ಬೂದಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಹುಚ್ಚುರೋಗ ಬರದ ಹಾಗೆ ಚುಚ್ಚುಮದ್ದು ಹಾಕಿಸಿದೆವು. ಮರಿ ಆಗದ ಹಾಗೆ ಆಪರೇಷನ್ನೂ ಮಾಡಿಸಬಹುದು. ಬೆಕ್ಕು ಗಬ್ಬವಾದರೆ ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಆ ಮರಿಗಳಿಗೂ ಮನೆ ಹುಡುಕಬೇಕಲ್ಲ! ಇನ್ನೊಂದು ಮಾತು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯಕ್ಕೆ ಸುಣ್ಣ, ಅರಿಶಿನ ಹಚ್ಚಬೇಡಿ. ಸೋಪು ಹಾಕಿ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಅಕ್ಕ ಬೂದಿಯನ್ನು ಮೂರು ವಾರ ಹೊರಗೆ ಬಿಡಲಿಲ್ಲ. ಹೊಲಿಗೆ ಕೋಣೆಯಲ್ಲೇ ಇಟ್ಟರು. ಒಂದು ಮೂಲೆಗೆ ಅನ್ನ ನೀರು. ದೂರದ ಮೂಲೆಗೆ ಮರಳು ತುಂಬಿದ ಹಳೇ ಬಾಂಡ್ಲಿ. ಮಲಗಲು ಅಜ್ಜಿಯ ಹಳೇ ಸೀರೆ. ಗೊತ್ತಿರುವ ವಾಸನೆ ಇದ್ದರೆ ಬೆಕ್ಕಿಗೆ ಧೈರ್ಯ. ಮೊದಲ ದಿನವೆಲ್ಲ ಅದು ಮೆಷಿನ್ ಕೆಳಗೇ ಕೂತಿತ್ತು. ಅಕ್ಕ ಎಳೆಯಲಿಲ್ಲ, ಕರೆಯಲಿಲ್ಲ. ತಮ್ಮ ಪಾಡಿಗೆ ಹೊಲಿದರು. ಮಾರನೇ ರಾತ್ರಿ ಮೀನಿನ ತಟ್ಟೆ ಖಾಲಿ! ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯಬಾರದು. ಪಶುವೈದ್ಯರಿಗೆ ತೋರಿಸಬೇಕು.

ಅಷ್ಟಾದ ಮೇಲೆ ಅಜ್ಜಿ ಬೆಂಗಳೂರಿನ ಬಸ್ಸು ಹತ್ತಿದರು.

ನಾಲ್ಕನೇ ವಾರ ಅಕ್ಕ ಬಾಗಿಲು ತೆರೆದರು. ಊಟದ ಹೊತ್ತಿಗೆ ಮುಂಚೆ ತೆರೆದರು. ಹಸಿವಿದ್ದರೆ ಬೇಗ ವಾಪಸು ಬರುತ್ತೆ ಎಂಬ ಲೆಕ್ಕ. ಬೂದಿ ನೇರ ಅಜ್ಜಿಯ ಜಗುಲಿಗೆ ಬಂತು. ಬೀಗ ಹಾಕಿದ ಬಾಗಿಲ ಮುಂದೆ ಕೂತಿತು. ನಾವು ಪಾಠ ನಿಲ್ಲಿಸಿ ಸುಮ್ಮನೆ ನೋಡಿದೆವು. ಅಕ್ಕ ತಟ್ಟೆ ಬಡಿಯುತ್ತಾ ಬಂದು ಕರೆದುಕೊಂಡು ಹೋದರು. ಮಾರನೇ ದಿನವೂ ಹೀಗೇ ಆಯಿತು. ಆಮೇಲೆ ಪಾಠದ ಹೊತ್ತಿಗೆ ಬರುವುದು, ಅಕ್ಕನ ಜೊತೆಯೇ ಎದ್ದು ಹೋಗುವುದು ರೂಢಿಯಾಯಿತು.

ತಿಂಗಳ ಮೇಲೆ ಅಜ್ಜಿಯ ಕಾರ್ಡು ಬಂತು. ಅವರೇ ಬರೆದದ್ದು. ಒಂದೇ ಸಾಲು. "ಬೂದಿ ಪರಚಿತಾ?"

ಅಕ್ಕ ತಮ್ಮ ಕೈಯಾರೆ ಉತ್ತರ ಬರೆದರು. "ಒಂದು ಸಲ. ತಪ್ಪು ನನ್ನದೇ."